ಬಿ.ಇ. ಓದುತ್ತಲೇ ಸೇನೆಯತ್ತ

ಏಳನೇ ಸೆಮಿಸ್ಟರ್ ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲ್ಲರ ಬಾಯಲ್ಲೂ ಪ್ಲೇಸ್‌ಮೆಂಟ್‌ನದೇ ಮಾತು. ಆ ಗಡಿಬಿಡಿಯಲ್ಲಿ ಅದೇ ಪದವಿಯ ಬಲದ ಮೇಲೆ ಭೂಸೇನೆಯ ಅಧಿಕಾರಿಯಾಗುವ ದಾರಿ ಬಹಳ ಮಂದಿಯ ಕಣ್ಣಿಗೆ ಬೀಳುವುದೇ ಇಲ್ಲ. ತಾಂತ್ರಿಕ ಪ್ರವೇಶಕ್ಕೆ ಲಿಖಿತ ಪರೀಕ್ಷೆಯಿಲ್ಲ. ಅಂತಿಮ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಬಹುದು. ಎಂಜಿನಿಯರಿಂಗ್ ಅಂಕಗಳನ್ನು ನೋಡಿ ನೇರವಾಗಿ ಸರ್ವೀಸಸ್ ಸೆಲೆಕ್ಷನ್ ಬೋರ್ಡ್‌ನ (ಎಸ್‌ಎಸ್‌ಬಿ) ಸಂದರ್ಶನಕ್ಕೆ ಕರೆಯುತ್ತಾರೆ.

ಬಾಗಿಲುಗಳು ಮುಖ್ಯವಾಗಿ ಮೂರು. ಮೊದಲನೆಯದು ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್. ಇದು ಅವಿವಾಹಿತ ಯುವಕರಿಗೆ. ತರಬೇತಿ ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ, ಸಿಗುವುದು ಕಾಯಂ ಕಮಿಷನ್. ಎರಡನೆಯದು ಶಾರ್ಟ್ ಸರ್ವೀಸ್ ಕಮಿಷನ್‌ನ ತಾಂತ್ರಿಕ ಪ್ರವೇಶ. ಯುವತಿಯರಿಗೂ ಇದು ತೆರೆದಿದೆ. ಸೇವೆ 10 ವರ್ಷ, ಬೇಕಿದ್ದರೆ ಇನ್ನೂ 4 ವರ್ಷ. ಶಾರ್ಟ್ ಸರ್ವೀಸ್‌ನ ಮಹಿಳೆಯರಿಗೂ ಕಾಯಂ ಕಮಿಷನ್ ಸಿಗಬೇಕೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಈ ಎರಡಕ್ಕೂ ವಯಸ್ಸು 20ರಿಂದ 27.

ಮೂರನೆಯದು ಎನ್‌ಸಿಸಿ ವಿಶೇಷ ಪ್ರವೇಶ. ಇದಕ್ಕೆ ಕನಿಷ್ಠ ‘ಬಿ’ ಗ್ರೇಡ್‌ನ ‘ಸಿ’ ಸರ್ಟಿಫಿಕೇಟ್ ಬೇಕು. ಆ ಸರ್ಟಿಫಿಕೇಟ್ ಕೈಗೆ ಬರಲು ಸಾಮಾನ್ಯವಾಗಿ ಮೂರು ವರ್ಷ ಕವಾಯತು, ಕ್ಯಾಂಪ್ ಎಂದು ಓಡಾಡಬೇಕು. ಹಾಗಾಗಿ ಕೊನೆಯ ವರ್ಷದಲ್ಲಿ ಈ ಬಾಗಿಲು ತಟ್ಟುವವರು ಮೊದಲ ವರ್ಷವೇ ಎನ್‌ಸಿಸಿಗೆ ಹೆಸರು ಕೊಟ್ಟಿರಬೇಕಾಗುತ್ತದೆ.

ಯಾವ ಬಾಗಿಲಿಂದ ಬಂದರೂ ಎಸ್‌ಎಸ್‌ಬಿ ತಪ್ಪದು. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲೇ ಇದರ ಒಂದು ಕೇಂದ್ರವಿದೆ. ಐದು ದಿನ ಅಲ್ಲೇ ಉಳಿಯಬೇಕು. ಮೊದಲ ದಿನ ಮಸುಕಾದ ಚಿತ್ರವೊಂದನ್ನು 30 ಸೆಕೆಂಡು ತೋರಿಸಿ ಕಥೆ ಬರೆಸುತ್ತಾರೆ. ಈ ಹಂತ ದಾಟದವರು ಅಂದೇ ಊರಿಗೆ ಹೊರಡುತ್ತಾರೆ. ಉಳಿದವರ ಮುಂದೆ 60 ಪದಗಳು ಬಂದು ಹೋಗುತ್ತವೆ. ಒಂದೊಂದಕ್ಕೂ 15 ಸೆಕೆಂಡು. ಪದ ನೋಡಿ ಮನಸ್ಸಿಗೆ ಹೊಳೆದದ್ದನ್ನು ವಾಕ್ಯವಾಗಿ ಬರೆಯಬೇಕು. ನಟಿಸಲು ಪುರುಸೊತ್ತೇ ಸಿಗದು.

ಆಮೇಲಿನದು ಮೈದಾನದ ಪರೀಕ್ಷೆ. ಒಂದು ಹಲಗೆ, ಒಂದು ಮರದ ದಿಮ್ಮಿ, ಒಂದು ಹಗ್ಗ ಕೊಟ್ಟು, ನೆಲ ಮುಟ್ಟದೆ ಆಚೆ ದಾಟಿ ಎನ್ನುತ್ತಾರೆ. ತಂಡಕ್ಕೆ ನಾಯಕನನ್ನು ನೇಮಿಸುವುದಿಲ್ಲ. ಹಗ್ಗ ಕಟ್ಟುವ ಉಪಾಯ ಹೇಳುವವರಾರು, ಬೇರೆಯವರ ಉಪಾಯ ಚೆನ್ನಾಗಿದ್ದರೆ ಒಪ್ಪುವವರಾರು, ಹಿಂದೆ ಉಳಿದವನಿಗೆ ಕೈ ಕೊಡುವವರಾರು ಎಂಬುದನ್ನು ಅಧಿಕಾರಿ ಪಕ್ಕದಲ್ಲಿ ನಿಂತು ಗುರುತು ಹಾಕಿಕೊಳ್ಳುತ್ತಾರೆ. ಅಂಕಪಟ್ಟಿ ಹೇಳದ ಸಂಗತಿಗಳು ಇಲ್ಲಿ ಬೆಳಕಿಗೆ ಬರುತ್ತವೆ. ಸಂದರ್ಶನ, ಕೊನೆಯ ದಿನದ ಕಾನ್ಫರೆನ್ಸ್, ವೈದ್ಯಕೀಯ ತಪಾಸಣೆ ಮುಗಿದ ಮೇಲೂ ಮೆರಿಟ್ ಪಟ್ಟಿಯಲ್ಲಿ ಹೆಸರು ಬರಬೇಕು.

ತರಬೇತಿಯ ವೇಳೆ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ಸ್ವಂತ ಕಾರಣಕ್ಕೆ ನಡುವೆ ಬಿಟ್ಟುಬಂದರೆ ತರಬೇತಿಯ ಖರ್ಚು ಕಟ್ಟಬೇಕಾಗುತ್ತದೆ. ಮುಗಿಸಿದವರು ಲೆಫ್ಟಿನೆಂಟ್ ಆಗುತ್ತಾರೆ. ಹೆಚ್ಚಿನವರು ಹೋಗುವುದು ಸೇತುವೆ ಕಟ್ಟುವ ಎಂಜಿನಿಯರ್ಸ್, ಸಂಪರ್ಕ ಜಾಲ ನೋಡಿಕೊಳ್ಳುವ ಸಿಗ್ನಲ್ಸ್, ಶಸ್ತ್ರ ಮತ್ತು ವಾಹನಗಳನ್ನು ಸಜ್ಜಾಗಿಡುವ ಇಎಂಇ ವಿಭಾಗಗಳಿಗೆ. ಈ ಎಂಜಿನಿಯರ್ಸ್ ವಿಭಾಗಕ್ಕೇ ಸೇರಿದ, ಬೆಂಗಳೂರಿನ ಹಲಸೂರು ಕೆರೆಯ ಬದಿಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಮೂಲ 1780ರಷ್ಟು ಹಿಂದಿನದು. ತಾಂತ್ರಿಕ ವಿಭಾಗವೆಂದರೆ ಹಿಂದಿನ ಸಾಲು ಎಂದು ಭಾವಿಸಬೇಕಿಲ್ಲ. 2022ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಜನರಲ್ ಮನೋಜ್ ಪಾಂಡೆ ಎಂಜಿನಿಯರ್ಸ್ ವಿಭಾಗದವರು; ಆ ವಿಭಾಗದಿಂದ ಆ ಹುದ್ದೆಗೇರಿದವರಲ್ಲಿ ಅವರೇ ಮೊದಲಿಗರು.

ಬೇರೆ ಕೆಲಸ ಸಿಗಲಿಲ್ಲವೆಂದು ಹಿಡಿಯುವ ದಾರಿಯಂತೂ ಇದಲ್ಲ. ಇಪ್ಪತ್ಮೂರರ ಲೆಫ್ಟಿನೆಂಟ್‌ನ ಕೈಕೆಳಗೆ ಅವನಿಗಿಂತ ಹಿರಿಯ ಜವಾನರಿರುತ್ತಾರೆ. ಅವರ ಪ್ರಾಣದ ಹೊಣೆ ಅವನದು. ಆ ಹೊಣೆ ಹೊರುವ ಮನಸ್ಸು ನಿಮಗಿದೆಯೇ ಎಂದು ಎರಡನೇ ವರ್ಷದಲ್ಲೇ ಕೇಳಿಕೊಳ್ಳಿ, ಮನೆಯವರ ಜೊತೆ ಕೂತು ಮಾತಾಡಿ. ಉತ್ತರ ಹೌದು ಎಂದಾದರೆ ಅಂದಿನಿಂದಲೇ ಬೆಳಿಗ್ಗೆ ಓಡಲು ಶುರುಮಾಡಿ, ಬ್ಯಾಕ್‌ಲಾಗ್ ಉಳಿಸಿಕೊಳ್ಳಬೇಡಿ, ಸೇನೆಯ ಅಧಿಕೃತ ಜಾಲತಾಣದ ಪ್ರಕಟಣೆಗಳ ಮೇಲೆ ಕಣ್ಣಿಡಿ.