ನಮ್ಮೂರಿನವರು ತಂದ ಪಾಲಿಸಿ

ಪುಣೆಯಲ್ಲಿ ಕನ್ನಡ ಮಾತು ಕಿವಿಗೆ ಬಿದ್ದರೆ ಸಾಕು, ನಂಬಿಕೆ ಹುಟ್ಟುತ್ತದೆ. ಜೀವವಿಮೆಯ ಚೈನ್ ಸ್ಕೀಮ್‌ಗೆ ಅದೇ ಬಂಡವಾಳ. ‘ಪಾಲಿಸಿ ತಗೋರಿ, ಕೆಳಗ ಇಬ್ಬರನ್ನ ಸೇರಸ್ರಿ, ಕಮಿಷನ್‌ನ್ಯಾಗ ಕಂತು ಹೋಗ್ತದ’ ಎಂದು ಧಾರವಾಡದ ಕಡೆಯ ಪರಿಚಿತರೊಬ್ಬರು ನನಗೂ ಹೇಳಿದ್ದರು.

ಲೆಕ್ಕ ಹಾಕಿದೆ. ಪ್ರತಿಯೊಬ್ಬರೂ ಇಬ್ಬರನ್ನು ಸೇರಿಸಿದರೆ 20ನೇ ಸುತ್ತಿಗೆ 10 ಲಕ್ಷಕ್ಕೂ ಹೆಚ್ಚು ಹೊಸಬರು ಬೇಕು! ಸರಪಳಿ ತುಂಡಾದರೂ ಕಂತು ನಿಲ್ಲದು. ಆರಂಭದಲ್ಲೇ ಕೈಬಿಟ್ಟರೆ ಕಟ್ಟಿದ ಹಣದ ದೊಡ್ಡ ಪಾಲು ಹೋಗುತ್ತದೆ. ಕೆಳಗೆ ಸೇರಿದವರು ರೂಮ್‌ಮೇಟ್, ಭಾವಮೈದುನ; ಅವರಿಗೆ ಮುಖ ತೋರಿಸುವುದು ಹೇಗೆ?

ವಿಮಾ ಕಾಯ್ದೆಯ 42ಎ ಕಲಂ 2015ರಿಂದಲೇ ಇದನ್ನು ನಿಷೇಧಿಸಿದೆ. ಈಗಾಗಲೇ ಸಹಿ ಹಾಕಿದ್ದರೆ, ಪಾಲಿಸಿ ಕೈಸೇರಿದ 30 ದಿನಗಳೊಳಗೆ ‘ಫ್ರೀ ಲುಕ್’ ಸೌಲಭ್ಯದಡಿ ವಾಪಸ್ ಮಾಡಿ. ಅಲ್ಪ ಖರ್ಚು ಕಳೆದು ಹಣ ಸಿಗುತ್ತದೆ. ಊರಿನವರಿಗೆ ಚಹಾ ಕುಡಿಸೋಣ, ಸಹಿ ಮಾತ್ರ ಪಾಲಿಸಿ ಓದಿದ ಮೇಲೆ.