ಕಬ್ಬಿಗೆರೆಯ ಕಟ್ಟಿಗೆ, ಪಾವಗಡದ ಬಿಸಿಲು

ತುಮಕೂರಿನಿಂದ ಉತ್ತರಕ್ಕೆ ಹೊರಟು ಕೊರಟಗೆರೆ, ಮಧುಗಿರಿಗಳನ್ನು ದಾಟಿ ಪಾವಗಡದತ್ತ ಸಾಗುವ ಹಾದಿಯಲ್ಲಿ ಹಸಿರು ಹಂತಹಂತವಾಗಿ ನಮ್ಮನ್ನು ಬೀಳ್ಕೊಡುತ್ತದೆ. ಕೊರಟಗೆರೆಯ ಸುತ್ತ ತೆಂಗು, ಅಡಿಕೆಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಿಂದಿಕ್ಕಿದ ಮೇಲೆ ಕಲ್ಲುಗುಡ್ಡ, ಹುಣಸೆ, ಜಾಲಿ. ಪಾವಗಡ ಸಮೀಪಿಸುವ ವೇಳೆಗೆ ನೆಲವೂ ಆಕಾಶವೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಪಶ್ಚಿಮದ ಶಿರಾ ತಾಲ್ಲೂಕಿನದೂ ಹೆಚ್ಚುಕಡಿಮೆ ಇದೇ ಕಥೆ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ, ಮಳೆ ಕೈಕೊಟ್ಟಾಗ ಬೆಂಗಳೂರಿನ ಬಸ್ಸು ಹತ್ತುವ ಸೀಮೆ ಇದು. ಬೆಂಗಳೂರು ಮಹಾಧರ್ಮಕ್ಷೇತ್ರದ ಮೇರೆಯೊಳಗೇ ಇರುವ ಈ ಸೀಮೆಯನ್ನು ನಗರದ ನಮ್ಮ ಕುಟುಂಬಗಳು ಬಲ್ಲುದು ಕಡಿಮೆ.

ಆದರೆ ನಮ್ಮ ಮನೆಗಳಲ್ಲಿ ಉರಿಯುವ ದೀಪಕ್ಕೂ ಈ ಸೀಮೆಗೂ ಇಂದು ನೇರವಾದ ನಂಟಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಸುಡುವುದನ್ನು ನಿಲ್ಲಿಸಿದರೆ ಅವುಗಳ ಸ್ಥಾನಕ್ಕೆ ಏನನ್ನು ತರಬೇಕು ಎಂಬ ಪ್ರಶ್ನೆ ಜಗತ್ತಿನ ದೊಡ್ಡ ಸಭೆಗಳಲ್ಲಿ ಚರ್ಚೆಯಾಗುತ್ತಿದ್ದ ಕಾಲದಲ್ಲೇ ಈ ಬರಪೀಡಿತ ತಾಲ್ಲೂಕುಗಳಲ್ಲಿ ಅದಕ್ಕೆ ಎರಡು ಉತ್ತರಗಳನ್ನು ಪ್ರಯೋಗಿಸಿ ನೋಡಲಾಯಿತು. ಒಂದು ಕಟ್ಟಿಗೆಯದು, ಇನ್ನೊಂದು ಬಿಸಿಲಿನದು.

ಕಟ್ಟಿಗೆಯ ಕಥೆಯೇ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಎಂಬ ಕೇಂದ್ರವು ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯೂರಿ, ಹಳ್ಳಿಯ ಮನೆಗಳಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ತೆಗೆಯಿತು. ಬಂದ ಉತ್ತರ ಸರಳವಾಗಿತ್ತು: ಬಹುಪಾಲು ಸೌದೆಯಿಂದ, ಅದನ್ನು ಆಯ್ದು ಹೊತ್ತು ತರುವವರು ಹೆಂಗಸರು, ಮಕ್ಕಳು. ಹೊಗೆಯಿಲ್ಲದ ಅಸ್ತ್ರ ಒಲೆ ಹುಟ್ಟಿದ್ದು ಈ ಲೆಕ್ಕದಿಂದ. ಸಮೀಪದ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಅನಿಲದಿಂದ ಎಂಜಿನ್ ಓಡಿಸಿ ನೀರೆತ್ತಿ ದೀಪ ಹಚ್ಚಿದ್ದೂ, ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲದಿಂದ ವಿದ್ಯುತ್ತು ತೆಗೆದದ್ದೂ 1980ರ ದಶಕದ ಕೊನೆಯಲ್ಲಿ.

ಆ ಅನುಭವದ ಬೆನ್ನಿಗೇ 2001ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹಾಗೂ ಸರ್ಕಾರಗಳ ನೆರವಿನಿಂದ ತುಮಕೂರು ಜಿಲ್ಲೆಯ ಆಯ್ದ ಹಳ್ಳಿಗಳಲ್ಲಿ ಜೈವಿಕ ಇಂಧನದ ಯೋಜನೆಯೊಂದು ಮೊದಲಾಯಿತು. ಪಾಳುಭೂಮಿಯಲ್ಲಿ ಮರ ಬೆಳೆಸುವುದು, ಕೆಲವು ಮನೆಗಳಿಗೆ ಒಂದರಂತೆ ಗೋಬರ್ ಅನಿಲ ಸ್ಥಾವರ ಕಟ್ಟುವುದು, ಮರದಿಂದ ವಿದ್ಯುತ್ತು ತೆಗೆಯುವುದು ಅದರ ಅಂಗಗಳು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಒಟ್ಟು 500 ಕಿಲೋವಾಟ್ ಸಾಮರ್ಥ್ಯದ ಗ್ಯಾಸಿಫೈಯರ್‌ಗಳು ತಲೆಯೆತ್ತಿದವು. ಗಾಳಿಯನ್ನು ಮಿತವಾಗಿ ಬಿಟ್ಟು ಕಟ್ಟಿಗೆಯನ್ನು ಅರೆಬರೆ ಸುಟ್ಟರೆ ಉರಿಯಬಲ್ಲ ಅನಿಲ ಹೊರಡುತ್ತದೆ. ಅದನ್ನು ತೊಳೆದು, ತಂಪಾಗಿಸಿ ಎಂಜಿನ್ನಿಗೆ ಊಡಿದರೆ ವಿದ್ಯುತ್ತು. 2007ರಿಂದ ಈ ಪುಟ್ಟ ಹಳ್ಳಿಯ ವಿದ್ಯುತ್ತು ಗ್ರಿಡ್ಡಿಗೆ ಹರಿಯಿತು. ವಿದ್ಯುತ್ತನ್ನು ಕೊಳ್ಳುತ್ತಿದ್ದ ಹಳ್ಳಿ ಮಾರುವ ಹಳ್ಳಿಯಾಯಿತು! ಪತ್ರಿಕೆಗಳೆಲ್ಲ ಅಚ್ಚರಿಪಟ್ಟು ಬರೆದವು.

ಇಲ್ಲಿ ಲೆಕ್ಕ ತುಸು ಕಹಿಯಾಗಿದೆ. ಮಾರಿದ ಯೂನಿಟ್ಟಿಗೆ ದೊರೆತ ಬೆಲೆ 2 ರೂಪಾಯಿ 85 ಪೈಸೆ. ಒಂದು ಯೂನಿಟ್ಟಿಗೆ ಬೇಕಾದ ಒಣ ಕಟ್ಟಿಗೆ ಒಂದೂಕಾಲು ಕಿಲೋಗೂ ಮಿಗಿಲು. ಕಿಲೋ ಕಟ್ಟಿಗೆಗೆ ಎರಡು ರೂಪಾಯಿ ಎಂದು ಹಿಡಿದರೂ ಬಂದ ಹಣವೆಲ್ಲ ಸೌದೆಗೇ ತೀರುತ್ತದೆ. ಕೂಲಿ, ದುರಸ್ತಿಗಳಿಗೆ ಉಳಿಯುವುದೇನು? ಸಾಲದುದಕ್ಕೆ ಊರಿನ ತಂತಿಯಲ್ಲಿ ಕರೆಂಟು ಹೋದಾಗಲೆಲ್ಲ ಸ್ಥಾವರವೂ ನಿಲ್ಲಬೇಕಿತ್ತು, ಏಕೆಂದರೆ ಹರಿಸಲು ಜೀವಂತ ತಂತಿಯೇ ಇರುತ್ತಿರಲಿಲ್ಲ. ಹತ್ತು ವರ್ಷಕ್ಕೂ ಮಿಗಿಲಾಗಿ ನಡೆದು ಯೋಜನೆಯ ಅವಧಿ ಮುಗಿಯಿತು. ಅದು ನಾಡಿನ ಉದ್ದಗಲಕ್ಕೆ ಹಬ್ಬಲಿಲ್ಲ.

ಹಾಗೆಂದು ಅದನ್ನು ಸೋಲೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಕಟ್ಟಿಗೆಯ ವಿದ್ಯುತ್ತಿನಲ್ಲಿ ಸಸಿ ನೆಡುವವನಿಗೆ, ಕಡಿಯುವವನಿಗೆ, ಗಾಡಿ ಹೊಡೆಯುವವನಿಗೆ, ತುಂಡು ಮಾಡಿ ಒಣಗಿಸುವವಳಿಗೆ ಕೂಲಿಯಿತ್ತು. ಕಲ್ಲಿದ್ದಲಿಗೆ ಕೊಟ್ಟ ಹಣ ಪರರಾಜ್ಯದ ಗಣಿಗೆ ಹೋಗುತ್ತದೆ. ಕಟ್ಟಿಗೆಗೆ ಕೊಟ್ಟದ್ದು ಊರಲ್ಲೇ ಸುತ್ತುತ್ತದೆ.

ಇನ್ನು ಬಿಸಿಲಿನ ಕಥೆ. ಬಹುಪಾಲು ಸುತ್ತಲೂ ಆಂಧ್ರಪ್ರದೇಶವನ್ನೇ ಹೊದ್ದಿರುವ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ಜಮೀನಿನಲ್ಲಿ 'ಶಕ್ತಿ ಸ್ಥಳ' ಎಂಬ ಸೌರ ಉದ್ಯಾನ ಹರಡಿಕೊಂಡಿದೆ. 2018ರ ಮಾರ್ಚಿಯಲ್ಲಿ 600 ಮೆಗಾವಾಟ್‌ನಿಂದ ಆರಂಭವಾಗಿ 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಮುಟ್ಟಿತು. ರಾಯಚೂರಿನ ಹಳೆಯ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್ ಎಂಬುದನ್ನು ನೆನೆದರೆ ಇದರ ಗಾತ್ರ ಮನದಟ್ಟಾದೀತು. ಆದರೆ ಈ ಹೋಲಿಕೆಯಲ್ಲಿ ಸಣ್ಣ ಮೋಸವಿದೆ: ಕಲ್ಲಿದ್ದಲು ಇರುಳಿನಲ್ಲೂ ಉರಿಯುತ್ತದೆ, ಸೂರ್ಯ ಆರಕ್ಕೆಲ್ಲ ಮನೆಗೆ ಹೋಗುತ್ತಾನೆ. ಇರುಳಿನ ಮಾತನ್ನು ಮುಂದೆ ಆಡೋಣ.

ಎಕರೆಯ ಲೆಕ್ಕದಲ್ಲಿ ಬಿಸಿಲಿಗೆ ಎದುರಿಲ್ಲ. ಗಿಡವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲನ್ನು ಕಟ್ಟಿಗೆಯಾಗಿ ಕೂಡಿಟ್ಟರೆ ಹೆಚ್ಚು. ಇಂದಿನ ಸೌರ ಫಲಕವು ಇಪ್ಪತ್ತರಷ್ಟನ್ನು ವಿದ್ಯುತ್ತಾಗಿಸುತ್ತದೆ. ಈ ಖುಷ್ಕಿ ನೆಲದ ಒಂದು ಎಕರೆ ತೋಪು ವರ್ಷಕ್ಕೆ ಮೂರು ಟನ್ ಕಟ್ಟಿಗೆ ಕೊಟ್ಟಿತೆಂದು ಭಾವಿಸಿದರೆ, ಅದರಿಂದ ಎರಡು ಸಾವಿರ ಚಿಲ್ಲರೆ ಯೂನಿಟ್ಟು ಹುಟ್ಟೀತು. ಪಾವಗಡದಲ್ಲಿ ಒಂದು ಮೆಗಾವಾಟ್‌ಗೆ ಆರು ಎಕರೆಗೂ ತುಸು ಹೆಚ್ಚು ನೆಲ ಹಿಡಿದಿದೆ. ಆ ಪ್ರಕಾರ ಎಕರೆಗೆ ವರ್ಷಕ್ಕೆ ಎರಡು ಲಕ್ಷ ಯೂನಿಟ್ಟಿಗೂ ಮಿಗಿಲು. ನೂರು ಪಟ್ಟಿನ ಅಂತರ! ಬೆಲೆಯೂ ಹಾಗೆಯೇ ಇಳಿಯಿತು. ಪಾವಗಡಕ್ಕಾಗಿ 2016ರಲ್ಲಿ ನಡೆದ ಟೆಂಡರಿನಲ್ಲಿ ಯೂನಿಟ್ಟಿಗೆ 4 ರೂಪಾಯಿ 80 ಪೈಸೆಯ ಆಸುಪಾಸಿನಲ್ಲಿದ್ದ ದರ ಎರಡೇ ವರ್ಷದಲ್ಲಿ 3 ರೂಪಾಯಿಗಿಂತ ಕೆಳಗೆ ಬಂದಿತು. ಕಬ್ಬಿಗೆರೆಗೆ ಸಾಲದೆ ಹೋದ ದರದ ಹತ್ತಿರದಲ್ಲೇ ಬಿಸಿಲಿನ ಕಂಪನಿಗಳು ವ್ಯಾಪಾರ ಕುದುರಿಸಿದವು.

ಭೂಮಿಯ ವಿಷಯದಲ್ಲೂ ಪಾವಗಡ ಹೊಸ ದಾರಿ ಹಿಡಿಯಿತೆಂದು ಹೇಳಲೇಬೇಕು. ಜಮೀನನ್ನು ಕಸಿದುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಸುಮಾರು 2,300 ರೈತರಿಂದ 28 ವರ್ಷಗಳ ಗೇಣಿಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಮಳೆಯಿಲ್ಲದೆ ಬಿತ್ತನೆ ಬೀಜದ ಹಣವೂ ಹುಟ್ಟದ ವರ್ಷಗಳನ್ನು ಕಂಡ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಸಿದ್ಧವಾದಾಗ ಮುಳುಗಡೆಯಾದವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆದುದನ್ನು ಬಲ್ಲವರು ಪಾವಗಡದ ಪದ್ಧತಿಯನ್ನು ಮೆಚ್ಚಿಯಾರು.

ಆದರೂ ಗೇಣಿಯ ಹಣ ಯಾರ ಕೈಗೆ ಹೋಯಿತು ಎಂದು ಕೇಳಿದಾಗ ಮಾತು ತಡವರಿಸುತ್ತದೆ. ನೂರು ಎಕರೆಯ ಒಡೆಯನಿಗೆ ವರ್ಷಕ್ಕೆ 21 ಲಕ್ಷ. ಎರಡು ಎಕರೆಯವನಿಗೆ 42,000. ಜಮೀನೇ ಇಲ್ಲದೆ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದವಳಿಗೆ ಸೊನ್ನೆ. ಹಕ್ಕುಪತ್ರವಿಲ್ಲದೆ ಸರ್ಕಾರಿ ತುಂಡುಭೂಮಿಯನ್ನು ಉಳುತ್ತಿದ್ದವರ ಪಾಡೂ ಅದೇ. ಹೊಲಕ್ಕೆ ಬೇಲಿ ಬಿದ್ದ ಮೇಲೆ ಕುರಿಗಾಹಿಗಳು ಮೇವಿಗಾಗಿ ದೂರ ನಡೆಯಬೇಕಾಯಿತು. ಉದ್ಯಾನದೊಳಗೆ ಕಾವಲು, ಹುಲ್ಲು ಕೀಳುವುದು, ಫಲಕ ತೊಳೆಯುವುದು ಇತ್ಯಾದಿ ಕೆಲಸಗಳುಂಟು, ನಿಜ. ಆದರೆ 13,000 ಎಕರೆ ಬೇಸಾಯವು ಬಿತ್ತನೆಯಿಂದ ಒಕ್ಕಣೆಯವರೆಗೆ ಬೇಡುತ್ತಿದ್ದ ಕೈಗಳಿಗೆ ಅವು ಸಮವಾಗಲಾರವು. ಬಿಸಿಲಿಗೆ ಕೂಲಿ ಬೇಡ. ಅದೇ ಅದರ ಅಗ್ಗಕ್ಕೆ ಕಾರಣ, ಅದೇ ಊರಿಗೆ ತೊಡಕು.

ಗೇಣಿಯ ಏರಿಕೆಯನ್ನೂ ತೂಗಿ ನೋಡಬೇಕು. ಎರಡು ವರ್ಷಕ್ಕೆ ನೂರಕ್ಕೆ ಐದು ಎಂದರೆ ವರ್ಷಕ್ಕೆ ಎರಡೂವರೆ. ಅಕ್ಕಿ, ಬೇಳೆ, ಔಷಧಿ, ಶಾಲೆಯ ಶುಲ್ಕಗಳು ಅಷ್ಟು ಮೆಲ್ಲಗೆ ಏರುವುದನ್ನು ನಮ್ಮ ಗೃಹಿಣಿಯರು ಯಾರಾದರೂ ಕಂಡಿದ್ದಾರೆಯೇ? ಇಪ್ಪತ್ತನೆಯ ವರ್ಷದ ಗೇಣಿ ಅಂಕಿಯಲ್ಲಿ ದೊಡ್ಡದಾಗಿ ಕಂಡರೂ ಚೀಲಕ್ಕೆ ತುಂಬುವುದು ಕಡಿಮೆಯೇ. ನೀರಿನದು ಇನ್ನೊಂದು ಚಿಂತೆ. ಧೂಳು ಕೂತ ಫಲಕ ಸರಿಯಾಗಿ ದುಡಿಯದು, ತೊಳೆಯಲೇಬೇಕು. ಪಾವಗಡವಾದರೋ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಸೇರಿ ಹಲ್ಲು, ಮೂಳೆಗಳನ್ನು ಕೆಡಿಸಿಕೊಂಡ ತಾಲ್ಲೂಕು.

ಮತ್ತೆ ಇರುಳಿನ ಮಾತು. ನಾವು ಸಂಜೆ ಜಪಸರಕ್ಕೆ ಕೂಡುವ ಹೊತ್ತಿಗೆ ಪಾವಗಡದ ಫಲಕಗಳು ತಣ್ಣಗಾಗಿರುತ್ತವೆ. ದೀಪ ಉರಿಸಲು ರಾಯಚೂರಿನ ಕಲ್ಲಿದ್ದಲನ್ನೋ ಶರಾವತಿಯ ನೀರನ್ನೋ ಕೇಳಬೇಕು. ಪಕ್ಕದ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು ಮುಂಗಾರಿನ ತಿಂಗಳುಗಳಲ್ಲಿ ಇರುಳಿಡೀ ದುಡಿಯುತ್ತವೆ, ಬುಡಕ್ಕೆ ಅಂಗೈಯಗಲ ನೆಲ ಸಾಕು, ಸುತ್ತ ಬೇಸಾಯ ನಡೆಯುತ್ತದೆ. ಬೇಸಗೆಯಲ್ಲಿ ಅವು ಸೋಮಾರಿಗಳು. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಇಳಿಸುವ 2,000 ಮೆಗಾವಾಟ್‌ನ ಯೋಜನೆಯೊಂದು ಶರಾವತಿ ಕಣಿವೆಗೆ ರೂಪುಗೊಂಡು, ಸಿಂಗಳೀಕಗಳ ಅಭಯಾರಣ್ಯದ ಕಾಡನ್ನು ಕಡಿಯಬೇಕಾಗುವುದೆಂದು ವಿವಾದಕ್ಕೆ ಸಿಕ್ಕಿತು. ಕೈ ಕೊಳೆಯಾಗದ ಶಕ್ತಿ ಎಂಬುದು ಯಾವುದೂ ಇಲ್ಲ. ರೈತರ ಪಂಪ್‌ಸೆಟ್ಟುಗಳನ್ನು ಹಗಲಿನಲ್ಲೇ ಓಡಿಸಿದರೆ ಬಿಸಿಲಿನ ಬಹುಭಾಗ ಅಲ್ಲೇ ಸದ್ವಿನಿಯೋಗವಾಗುತ್ತದೆ. ನಡುರಾತ್ರಿ ಟಾರ್ಚು ಹಿಡಿದು ಹಾವುಚೇಳುಗಳ ನಡುವೆ ಮೋಟಾರು ಹಾಕಲು ಹೋಗುವುದೂ ತಪ್ಪುತ್ತದೆ. ನಮ್ಮ ಮಟ್ಟಿಗೆ ಇದೇ ಮೊದಲು ಆಗಬೇಕಾದ ಕೆಲಸ.

ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಕಲ್ಲಿದ್ದಲು, ಎಣ್ಣೆಗಳನ್ನು ತಡಮಾಡದೆ ಹಂತಹಂತವಾಗಿ ಬದಲಿಸಬೇಕೆಂದರು. ಅದೇ ಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರ್ಪಡಿಸಿ ಕೇಳಬಾರದೆಂದೂ ಹೇಳಿದರು. ಮೊದಲನೆಯದನ್ನು ಪಾವಗಡ ಮಾಡಿತು. ಎರಡನೆಯದಕ್ಕೆ ರೋಮಿನ ಹೊರವಲಯದಿಂದ ಒಂದು ಸೂಚನೆ ದೊರೆಯುತ್ತದೆ. 2024ರ ಜೂನ್ 21ರ 'ಸೋದರ ಸೂರ್ಯ' ಎಂಬ ಪ್ರೇಷಿತ ಪತ್ರದ ಮೂಲಕ ಅವರು, ವ್ಯಾಟಿಕನ್ ರೇಡಿಯೋ ಕೇಂದ್ರವಿರುವ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿ ವ್ಯಾಟಿಕನ್ನಿನ ಇಡೀ ಅಗತ್ಯವನ್ನು ಪೂರೈಸಬಲ್ಲ ಸೌರ ಸ್ಥಾವರ ಕಟ್ಟಲು ನೇಮಿಸಿದರು. ಅದು ಬೇಸಾಯವನ್ನು ಹೊರಗಟ್ಟದ ಸ್ಥಾವರವಾಗಬೇಕೆಂಬುದೇ ಅದರ ವಿಶೇಷ. ಫಲಕಗಳನ್ನು ಎತ್ತರಕ್ಕೆ ಏರಿಸಿ, ಸಾಲುಗಳ ನಡುವೆ ಅಂತರ ಬಿಟ್ಟು, ಕೆಳಗೆ ಬೆಳೆ ತೆಗೆಯುವ ಕ್ರಮವಿದು. ಕಂಬ, ಕಬ್ಬಿಣದ ಖರ್ಚು ಹೆಚ್ಚುತ್ತದೆ. ಆದರೆ ಉರಿಬಿಸಿಲಿನ ನೆಲದಲ್ಲಿ ಫಲಕದ ನೆರಳು ತೇವವನ್ನು ಹಿಡಿದಿಡುತ್ತದೆ, ತೊಳೆದ ನೀರು ವ್ಯರ್ಥವಾಗದೆ ಬೇರಿಗೆ ಇಳಿಯುತ್ತದೆ, ಸೊಪ್ಪು ತರಕಾರಿ ಬೆಳೆಯಬಹುದು, ಕುರಿ ಮೇಯಿಸಬಹುದು. ಉದ್ಯಾನವನ್ನು ಇನ್ನಷ್ಟು ಸಾವಿರ ಎಕರೆಗೆ ವಿಸ್ತರಿಸುವ ಮಾತು 2023ರಿಂದೀಚೆಗೆ ಕೇಳಿಬಂದಿದೆ. ಹೊಸ ಎಕರೆಗಳಲ್ಲಾದರೂ ಕುರಿಗೆ ಒಳಹೋಗುವ ದಾರಿ, ಜಮೀನಿಲ್ಲದವಳಿಗೆ ನೆರಳಿನ ಒಂದು ಪಟ್ಟಿ ಕರಾರಿನಲ್ಲೇ ಬರೆಯಲ್ಪಡಬಾರದೇಕೆ? ಕಬ್ಬಿಗೆರೆಯಲ್ಲಿ ಇದ್ದು ಪಾವಗಡದಲ್ಲಿ ಇಲ್ಲದೆ ಹೋದದ್ದು ಅದೊಂದೇ.

ಯಾರ ನೆಲವನ್ನೂ ಬೇಡದ ಜಾಗ ಒಂದಿದೆ, ಅದು ನಮ್ಮ ತಲೆಯ ಮೇಲಿನ ತಾರಸಿ. 2024ರಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ನ ಮನೆಗೆ 78,000 ರೂಪಾಯಿಯ ಸಹಾಯಧನ ಗೊತ್ತುಮಾಡಲಾಯಿತು. ಒಂದು ಕಿಲೋವಾಟ್ ನಮ್ಮ ಸೀಮೆಯಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಕೊಡುತ್ತದೆಂದರೆ ಸಾಮಾನ್ಯ ಕುಟುಂಬದ ತಿಂಗಳ ಬಳಕೆಗೆ ಸಾಕಾಗಿ ಮಿಕ್ಕೀತು. ನಗರದ ತಾರಸಿಗಳು ಕೊಟ್ಟಷ್ಟೂ ಪಾವಗಡದ ಮೇಲಿನ ಒತ್ತಡ ಇಳಿಯುತ್ತದೆ.

ಅಲ್ಲಿನ ಗೇಣಿ ಕರಾರುಗಳು 2040ರ ದಶಕದ ನಡುವೆ ಮುಗಿಯುತ್ತವೆ. ಇಂದು ತಿರುಮಣಿಯಲ್ಲಿ ಒಂದನೆಯ ತರಗತಿಗೆ ಹೋಗುತ್ತಿರುವ ಮಗುವಿಗೆ ಆಗ ಇಪ್ಪತ್ತೈದರ ಆಸುಪಾಸು. ಫಲಕಗಳು ಎದ್ದುಹೋದರೆ ಆ ಹೊಲವನ್ನು ಉಳಲು ಅದಕ್ಕೆ ಬರುತ್ತದೆಯೇ ಎಂದು ಕಲಿಸುವವರು ಊರಿನಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಹಲವರು ಈಗ ಬೆಂಗಳೂರಿನ ಕಟ್ಟಡಗಳಲ್ಲಿ ಗಾರೆ ಹೊರುತ್ತಿದ್ದಾರೆ.