ಎಳೆ ಕಡಿಯದ ಜೋಡಣೆ

ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಪಾಲು ಮಿಶ್ರವಸ್ತುವಿನದು. ಕೂದಲಿಗಿಂತ ಸಪೂರವಾದ ಕಾರ್ಬನ್ ಎಳೆಗಳಿಗೆ ಎಪಾಕ್ಸಿ ರಾಳ ಹಿಡಿಸಿ, ಪದರದ ಮೇಲೆ ಪದರ ಹಾಸಿ, ಶಾಖ ಮತ್ತು ಒತ್ತಡದಲ್ಲಿ ಗಟ್ಟಿಗೊಳಿಸಿದಾಗ ಈ ವಸ್ತು ಸಿದ್ಧವಾಗುತ್ತದೆ. ಇದರ ಹಗುರತನವನ್ನು ಎಲ್ಲರೂ ಕೊಂಡಾಡುತ್ತಾರಾದರೂ, ಇಂಥ ಎರಡು ಭಾಗಗಳನ್ನು ಒಂದಕ್ಕೊಂದು ಸೇರಿಸುವುದರಲ್ಲೇ ಈ ವಿದ್ಯೆಯ ನಿಜವಾದ ಕಷ್ಟವಿದೆ.

ಅಲ್ಯೂಮಿನಿಯಂ ಹಾಳೆಗಳಿಗೆ ತೂತು ಕೊರೆದು ರಿವೆಟ್ ಬಡಿಯುವುದು ಹಳೆಯ ಪದ್ಧತಿ. ಅಲ್ಲಿ ಒಂದು ತೂತಿನ ಬಳಿ ಭಾರ ಹೆಚ್ಚಾದರೆ ಲೋಹ ಕೊಂಚ ಬಾಗಿ ಪಕ್ಕದ ರಿವೆಟ್‌ಗಳಿಗೂ ಅದನ್ನು ಹಂಚುತ್ತದೆ. ಕಾರ್ಬನ್ ಹಾಗೆ ಬಾಗುವುದಿಲ್ಲ. ಬೆಟಗೇರಿಯ ಕೈಮಗ್ಗದ ಸೀರೆಗೆ ತೂತು ಬಿದ್ದರೆ ಹಾಸುಹೊಕ್ಕಿನ ಎಳೆಗಳು ಹೇಗೆ ತುಂಡಾಗುತ್ತವೆಯೋ ಹಾಗೆಯೇ ಇಲ್ಲಿಯೂ ಭಾರ ಹೊರಬೇಕಾದ ಎಳೆಗಳೇ ಕಡಿದುಹೋಗುತ್ತವೆ. ಡ್ರಿಲ್ ಹೊರಬರುವ ಬದಿಯಲ್ಲಿ ಕೊನೆಯ ಪದರ ಸೀಳದಂತೆ ಹಿಂದೆ ಹಲಗೆಯೊಂದನ್ನು ಒತ್ತಿಹಿಡಿಯಬೇಕಾಗುತ್ತದೆ. ತೇವವಿದ್ದಾಗ ಕಾರ್ಬನ್ನಿಗೆ ತಾಗಿದ ಅಲ್ಯೂಮಿನಿಯಂ ಸವೆದು ತುಕ್ಕು ಹಿಡಿಯುವುದರಿಂದ ದುಬಾರಿ ಟೈಟಾನಿಯಂ ಬೋಲ್ಟುಗಳನ್ನೇ ಬಳಸಬೇಕಾಗುತ್ತದೆ.

ಜೋಡಣೆಗಳನ್ನೇ ಕಡಿಮೆ ಮಾಡುವ ದಾರಿಯನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಕೈಗೂಡಿಸಿಕೊಂಡಿತು. ಅಲ್ಲಿ ತೇಜಸ್‌ನ ಬಾಲದ ನೆಟ್ಟಗಿನ ರೆಕ್ಕೆಗೆ ಹೊರಹೊದಿಕೆಯನ್ನೂ ಒಳಗಿನ ಬಲಪಟ್ಟಿಗಳನ್ನೂ ಇನ್ನೂ ಹಸಿಯಾಗಿರುವಾಗಲೇ ಒಂದೇ ಅಚ್ಚಿನಲ್ಲಿ ಕೂರಿಸಿ, ಆಟೋಕ್ಲೇವ್ ಎಂಬ ಒತ್ತಡದ ದೊಡ್ಡ ಕುಲುಮೆಯಲ್ಲಿ ಒಟ್ಟಿಗೇ ಬೇಯಿಸುವ ವಿಧಾನ ಸಿದ್ಧವಾಯಿತು. ಎರಡು ಭಾಗಗಳ ರಾಳ ಬೆರೆತು ಒಂದಾಗುವುದರಿಂದ ಅಲ್ಲಿ ಬೋಲ್ಟಿನ ಪ್ರಮೇಯವೇ ಬರುವುದಿಲ್ಲ. ಸಾರಸ್ ವಿಮಾನದ ರೆಕ್ಕೆಗಾಗಿ ಇದೇ ಸಂಸ್ಥೆ, ಒಣ ಎಳೆಬಟ್ಟೆಯೊಳಗೆ ನಿರ್ವಾತದ ಸೆಳೆತದಿಂದ ರಾಳವನ್ನು ಹರಿಸುವ 'ವೆರಿಟಿ' ವಿಧಾನವನ್ನು ರೂಪಿಸಿತು. ದೇಶದ ವಿಮಾನ ವಿದ್ಯೆಗೆ ಕರ್ನಾಟಕದ ನೆಲದಿಂದ ಸಂದ ಕೊಡುಗೆಗಳಲ್ಲಿ ಇವು ಅಗ್ರಗಣ್ಯವಾದವು. ಹಾರಾಟದ ಸುದ್ದಿಗೆ ಸಿಕ್ಕಷ್ಟು ಗಮನ ಇವುಗಳಿಗೆ ಸಿಗಲಿಲ್ಲ.

ಆದರೆ ಇಡೀ ವಿಮಾನವನ್ನು ಒಂದೇ ಅಚ್ಚಿನಲ್ಲಿ ಬೇಯಿಸಲಾಗದು. ಆಗಲೇ ಗಟ್ಟಿಯಾದ ಭಾಗಗಳನ್ನು ಅಂಟಿನಿಂದ ಕೂಡಿಸುವಾಗ ಶುಚಿತ್ವವೇ ಸರ್ವಸ್ವ. ಅಚ್ಚಿಗೆ ಸವರಿದ ಜಾರುಲೇಪದ ಅಥವಾ ಬೆರಳಿನ ಜಿಡ್ಡಿನ ತೆಳುಪೊರೆ ಉಳಿದರೂ ಅಂಟು ಹಿಡಿಯುವುದಿಲ್ಲ. ಆದ್ದರಿಂದ ಮೇಲ್ಮೈಗೆ ಮೊದಲೇ ಹೊದಿಸಿಟ್ಟ ನವಿರಾದ ಬಟ್ಟೆಯನ್ನು ಅಂಟಿಸುವ ಮುನ್ನವಷ್ಟೇ ಸಿಪ್ಪೆಯಂತೆ ಸುಲಿದು ತೆಗೆಯಲಾಗುತ್ತದೆ. ಶ್ರವಣಾತೀತ ಧ್ವನಿ ಹಾಯಿಸುವ ಪರೀಕ್ಷೆಯಲ್ಲಿ ಒಳಗಿನ ಬಿರುಕು ಕಾಣುತ್ತದೆ, ಪೊಳ್ಳು ಕಾಣುತ್ತದೆ. ಎರಡು ಮೈಗಳು ಒಂದಕ್ಕೊಂದು ತಾಗಿಕೊಂಡಿದ್ದೂ ಅಂಟಿಕೊಂಡಿರದ ದುರ್ಬಲ ಬಂಧ ಮಾತ್ರ ಅದಕ್ಕೆ ಸಿಕ್ಕಿಬೀಳುವುದಿಲ್ಲ. ಹೀಗಾಗಿ ಮುರಿದರೆ ವಿಮಾನವೇ ಉಳಿಯದಂಥ ಜಾಗಗಳಲ್ಲಿ ಅಂಟಿನ ಜೊತೆಗೆ ಕೆಲವು ಬೋಲ್ಟುಗಳನ್ನೂ ಹಾಕುವ ರೂಢಿಯಿದ್ದು, ಅಂಟು ಬಿಡತೊಡಗಿದರೂ ಆ ಬಿರುಕು ಮುಂದಿನ ಬೋಲ್ಟಿನ ಸಾಲಿನಲ್ಲೇ ನಿಲ್ಲುತ್ತದೆ.